ಮುಳ್ಳಜ್ಜಿಯ ಕಲ್ಲು

ಜನವರಿ 8

ಗುಬ್ಬಿಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ಬಸ್ಸು ಹತ್ತಿ ಬಂದುಬಿಡುತ್ತೀಯ. ಅದಕ್ಕೇ ಆ ಮಾತು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಫೋನು ಮಾಡು ಎಂದಿದ್ದೀಯ. ಫೋನಿನಲ್ಲಿ ಬೈದರೆ "ಅಜ್ಜಿ, ಸಿಗ್ನಲ್ ಹೋಯ್ತು" ಅಂತ ಇಟ್ಟುಬಿಡುತ್ತೀಯ. ಕಾಗದದಲ್ಲಿ ಬೈದರೆ ಪೂರ್ತಿ ಓದಲೇಬೇಕು.

ನಿಮ್ಮ ಚಾರಣ ಸಂಘದ ಗೋಡೆಯ ಮೇಲಿದ್ದ ಫೋಟೋದ ಪ್ರತಿ ತಲುಪಿತು. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ. ಮುಂದೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವರು ಡಾಕ್ಟರು, ನಿಮ್ಮ ಸಂಘ ಕಟ್ಟಿದವರು. ಆ ಕುರ್ಚಿಯನ್ನು ಬೆಟ್ಟದ ತುದಿಗೆ ಹೊತ್ತವಳು ನಾನು, ಅದರ ಪಕ್ಕದಲ್ಲೇ ನಿಂತಿದ್ದೇನೆ. ಹಿಂದೆ ತಲೆಯ ಮೇಲೆ ಹಾಸಿಗೆ ಸುರುಳಿ ಇಟ್ಟುಕೊಂಡವಳು ನನ್ನ ಓರಗಿತ್ತಿ, ನಿನ್ನ ಚಿಕ್ಕಜ್ಜಿ. ಅವಳ ಪಕ್ಕ, ಕ್ಯಾಮೆರಾದವನನ್ನು ನುಂಗುವ ಹಾಗೆ ನೋಡುತ್ತಿರುವವಳು ಸೂಲಗಿತ್ತಿ. ಹೆರಿಗೆ ಇಲ್ಲದ ದಿನ ಚಾರಣಿಗರ ಉಳುಕಿದ ಕಾಲು ನೀವುತ್ತಿದ್ದಳು. ಅವರು ಕೂಗಿಕೊಂಡರೆ, "ಹೆರೋಳೂ ಇಷ್ಟು ಕಿರುಚಲ್ಲ, ಸುಮ್ನಿರಿ ಸ್ವಾಮಿ" ಅನ್ನುತ್ತಿದ್ದಳು.

ಫೋಟೋದ ಕೆಳಗೆ "ಡಾಕ್ಟರು ತಾವು ಕಂಡುಹಿಡಿದ ಬಂಡೆ ದಾರಿಯಲ್ಲಿ, ಜೊತೆಗೆ ಕೂಲಿಗಳು" ಎಂದು ಬರೆದಿದ್ದಾರೆ ಅಂತ ನೀನು ಕುದಿಯುತ್ತಿದ್ದೀಯ. ಕೂಲಿ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ ಕಣೆ. ಹೊತ್ತಿದ್ದೇವೆ, ಕೂಲಿ ತೆಗೆದುಕೊಂಡಿದ್ದೇವೆ. ಕಂಡುಹಿಡಿದರು ಅಂದರಲ್ಲ, ಅದಕ್ಕೆ ನಗು ಬಂತು. ನಮ್ಮ ಹಿತ್ತಲಿನಿಂದ ಹೊರಡುವ ಆ ದಾರಿ ನನ್ನ ಅತ್ತೆ, ಅವರ ಅತ್ತೆ ಎಲ್ಲ ಸೌದೆಗೆ ಹೋಗುತ್ತಾ ತುಳಿದದ್ದು. ಡಾಕ್ಟರು ಅದನ್ನು ಕಂಡುಹಿಡಿದದ್ದು ನಾನು "ಈ ಕಡೆ ಬನ್ನಿ, ಆ ಕಡೆ ಹೋದ್ರೆ ಬೀಳ್ತೀರಿ" ಅಂತ ಬೆರಳು ತೋರಿಸಿದ ಮೇಲೆ.

ಅವರು ಬರೆಯದೆ ಬಿಟ್ಟದ್ದು ಇನ್ನೊಂದಿದೆ. ಬೆಟ್ಟಕ್ಕೆ ದಾರಿ ಎರಡು. ಒಂದು ಬಂಡೆಯ ನೆತ್ತಿಯ ಮೇಲೆ ಹಾದುಹೋಗುವ ಹತ್ತಿರದ ದಾರಿ. ಇನ್ನೊಂದು ಮರಗಳ ನಡುವೆ ಸುತ್ತಿಕೊಂಡು ಹೋಗುವ ಹಿಂದಿನ ದಾರಿ. ಗಿಡುಗ ಕಡ್ಡಿ ಕಚ್ಚಿಕೊಂಡು ಬಂಡೆಯ ಬಿರುಕಿಗೆ ಹೋಗುವುದು ಕಂಡ ದಿನ ನಾವು ಹೆಂಗಸರು ಮುಳ್ಳು ಕಡಿದು ತಂದು ಬಂಡೆ ದಾರಿಯ ಬಾಯಿಗೆ, ಹಿತ್ತಲಾಚೆಯ ಆ ಎರಡು ದೊಡ್ಡ ಗುಂಡುಕಲ್ಲುಗಳ ಸಂದಿಗೆ, ಅಡ್ಡ ಹಾಕುತ್ತಿದ್ದೆವು. ಬುಡ ಒಳಕ್ಕೆ, ಮೊನೆ ಬರುವವರ ಕಡೆಗೆ, ಬುಡದ ಮೇಲೊಂದು ಕಲ್ಲು. ಮರಿ ಹಾರಿದ ಮೇಲೆ ತೆಗೆಯುತ್ತಿದ್ದೆವು. ತಲೆಯ ಮೇಲೆ ಜನ ಓಡಾಡಿದರೆ ಆ ಹಕ್ಕಿ ಗೂಡು ಬಿಟ್ಟು ಎದ್ದುಹೋಗುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. "ಬಾಣಂತಿ ಮಲಗಿರೋ ಕೋಣೆ ಮಾಡಿನ ಮೇಲೆ ಯಾರಾದ್ರೂ ಕುಣೀತಾರಾ?" ಎಂದು ಸೂಲಗಿತ್ತಿ ಕೇಳುತ್ತಿದ್ದಳು. ಅಷ್ಟು ದಿನದಲ್ಲಿ ತುಳಿದ ಹುಲ್ಲೂ ಚಿಗುರಿ ಮಣ್ಣು ಗಟ್ಟಿಯಾಗುತ್ತಿತ್ತು.

ಇದಕ್ಕೆ ಡಾಕ್ಟರು ತಮ್ಮ ಪುಸ್ತಕದಲ್ಲಿ ಏನು ಬರೆದರು ಗೊತ್ತೆ? ಊರಿನ ಹೆಂಗಸರು ಅಸಡ್ಡೆಯಿಂದ ದಾರಿಯಲ್ಲಿ ಮುಳ್ಳು ಬಿಸಾಡಿ ಹೋಗುತ್ತಾರಂತೆ. ಬಿಸಾಡಿದ್ದಂತೆ! ಮೈಯೆಲ್ಲ ಗೀರಿಸಿಕೊಂಡು ಬುಡಕ್ಕೆ ಬುಡ ಹೆಣೆದದ್ದು ಆ ಮಹಾನುಭಾವರ ಕಣ್ಣಿಗೆ ಬಿಸಾಡಿದ ಹಾಗೆ ಕಂಡಿತು. ಆಗಿನಿಂದ ಚಾರಣಿಗರ ಬಾಯಲ್ಲಿ ನಾನು ಮುಳ್ಳಕ್ಕ. ತಲೆ ನರೆತ ಮೇಲೆ ಮುಳ್ಳಜ್ಜಿ.

ಇವತ್ತು ಬೆಳಿಗ್ಗೆ ಗಿಡುಗದ ಬಾಯಲ್ಲಿ ಕಡ್ಡಿ ಕಂಡೆ. ಕತ್ತಿ ಮಸೆಯಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಅಜ್ಜಿ


ಜನವರಿ 21

ಅಜ್ಜಿ,

ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಓದು. ಗೆದ್ದೆ!

ನಿನ್ನ ಕಾಗದವನ್ನು ನಮ್ಮ ಸಂಘದ ಕಾರ್ಯದರ್ಶಿಯವರ ಎದುರು ನಿಂತು ಓದಿದೆ, ಮಹಾನುಭಾವರು ಎಂಬಲ್ಲಿ ಮಾತ್ರ ಸ್ವಲ್ಪ ಕೆಮ್ಮಿದೆ. ಈ ವರ್ಷದ ವಾರ್ಷಿಕೋತ್ಸವಕ್ಕೆ ಬಂಡೆ ದಾರಿಗೆ ಡಾಕ್ಟರ ಹೆಸರಿಡುವುದೆಂದು ಅವರು ತೀರ್ಮಾನಿಸಿದ್ದರು. ನಾನು ಪಟ್ಟು ಬಿಡಲಿಲ್ಲ. ಬುಕಿಂಗ್ ಕಿಟಕಿಯಲ್ಲಿ ಕೂತು ಟಿಕೆಟ್ ಹರಿಯುವ ಹುಡುಗಿ ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ಕೊನೆಗೆ ಒಪ್ಪಿದರು. ದಾರಿಗೆ ನಿನ್ನ ಹೆಸರು ಅಜ್ಜಿ! ಆಳೆತ್ತರದ ಕಲ್ಲು, ಕಲ್ಲಿನ ಮೇಲೆ ನಾನು ಬರೆದ ಸಾಲು: "ಇದನ್ನು ಮಾಡಿದವಳು, ಕಾಪಾಡಿದವಳು." ನಿನ್ನ ಯಾವ ಹೆಸರು ಕೆತ್ತಿಸಲಿ ತಿಳಿಸು.

ಕಲ್ಲಿನ ಜೊತೆಗೆ ದಾರಿಗೂ ಹೊಸ ಕಳೆ. ಕೆಳಗಿನಿಂದ ನೆತ್ತಿಯವರೆಗೆ ಸಿಮೆಂಟಿನ ಮೆಟ್ಟಿಲು, ಪಕ್ಕಕ್ಕೆ ಕಬ್ಬಿಣದ ಕಂಬಿ. ಮಕ್ಕಳು, ವಯಸ್ಸಾದವರು, ಯಾರು ಬೇಕಾದರೂ ವರ್ಷದ ಯಾವ ದಿನವಾದರೂ ಹತ್ತಬಹುದು. ಇನ್ನು ಮೇಲೆ ಈ ವಯಸ್ಸಿನಲ್ಲಿ ನೀನು ಮುಳ್ಳು ಹೊರಬೇಕಾಗಿಲ್ಲ. ನೀನು ಮಾಡಿದ್ದು ಸಾಕು.

ದಾರಿ ನಮ್ಮ ಹಿತ್ತಲಿನಿಂದ ಹೊರಡುವುದರಿಂದ ಒಪ್ಪಿಗೆ ಪತ್ರ ಬೇಕಂತೆ. ಇದರ ಜೊತೆ ಇಟ್ಟಿದ್ದೇನೆ. ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು.

ಗುಬ್ಬಿ


ಫೆಬ್ರವರಿ 3

ಗುಬ್ಬಿಗೆ,

ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು. ಮಾತು ಸೊಟ್ಟಗಿದ್ದರೆ ನನ್ನದೇ.

ನಿನ್ನ ಒಪ್ಪಿಗೆ ಪತ್ರ ಒಲೆಗೆ ಹಾಕಿದೆ. ಒಳ್ಳೆಯ ಕಾಗದ, ಚೆನ್ನಾಗಿ ಹತ್ತಿಕೊಂಡಿತು.

ನಾನು ಬದುಕಿಡೀ ಮಾಡಿದ್ದು ಒಂದೇ ಕೆಲಸ, ಮುಚ್ಚಬೇಕಾದಾಗ ಆ ದಾರಿ ಮುಚ್ಚಿದ್ದು. ನೀನು ಅದನ್ನು ಎಂದೆಂದಿಗೂ ಮುಚ್ಚದ ಹಾಗೆ ಮಾಡಿ, ಅದರ ಮೇಲೆ ನನ್ನ ಹೆಸರು ಬರೆಸುತ್ತೀಯ! ಅಡುಗೆಯವಳ ಎರಡೂ ಕೈ ಕಟ್ಟಿಹಾಕಿ ಹೋಟೆಲಿಗೆ ಅವಳ ಹೆಸರಿಟ್ಟ ಹಾಗಾಯಿತು. ನನ್ನ ಕಾಗದ ಅವರೆದುರು ಓದಿದೆ ಎಂದೆಯಲ್ಲ, ನೀನು ಕೇಳಿಸಿಕೊಂಡೆಯಾ?

ಯಾರು ಬೇಕಾದರೂ ಹತ್ತುವುದು ಬೇಡ ಎಂದು ನಾನು ಯಾವತ್ತು ಹೇಳಿದೆ? ಊರಿನ ಸೊಸೆಯರನ್ನೆಲ್ಲ "ಸೌದೆಗೆ ಹೋಗ್ತೀವಿ ಅತ್ತೆ" ಎಂದು ಸುಳ್ಳು ಹೇಳಿಸಿ, ಸುಮ್ಮನೆ ಗಾಳಿ ಕುಡಿಯಲು ನೆತ್ತಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಅಲ್ಲಿ ಸೆರಗು ಸಡಿಲಿಸಿ ಕೂತು ನಕ್ಕಷ್ಟು ಯಾರೂ ಮನೆಯಲ್ಲಿ ನಕ್ಕವರಲ್ಲ. ನಿನ್ನ ಚಿಕ್ಕಜ್ಜಿ ಹಾಡುತ್ತಾಳೆಂದು ಅವಳ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ, ಬಂಡೆಗೆ ಗೊತ್ತು. ಡಾಕ್ಟರ ಸಂಘಕ್ಕೆ ಮೊದಲು ನಮ್ಮ ಸಂಘ ಇತ್ತು, ರಸೀದಿ ಪುಸ್ತಕ ಇರಲಿಲ್ಲ ಅಷ್ಟೆ. ಆಗಲೂ ಮೊಟ್ಟೆಯ ಕಾಲದಲ್ಲಿ ಹಿಂದಿನ ದಾರಿಯಲ್ಲೇ ಹೋಗುತ್ತಿದ್ದೆವು. ಸ್ವಲ್ಪ ಸುತ್ತು. ಸುತ್ತಿದರೆ ಯಾರಪ್ಪನ ಗಂಟು ಹೋಗುತ್ತೆ?

ಯಾವ ಹೆಸರು ಎಂದು ಕೇಳಿದ್ದೀಯ. ಸರ್ಕಾರಿ ಕಾಗದದಲ್ಲಿರುವ ಹೆಸರು ಕೆತ್ತಿದರೆ ನಾನೇ ನಿಂತು ಇದ್ಯಾರು ಎಂದು ಕೇಳಬೇಕಾದೀತು. ಕೆತ್ತಿಸುವ ಚಪಲ ತಡೆಯಲಾಗದಿದ್ದರೆ ಮುಳ್ಳಜ್ಜಿ ಎಂದು ಕೆತ್ತಿಸಿಕೋ. ಅವರು ಅಣಕಿಸಿ ಇಟ್ಟ ಹೆಸರು ಅವರೇ ಕಲ್ಲಿನ ಮೇಲೆ ಓದಲಿ. ಸಹಿ ಮಾತ್ರ ಕೇಳಬೇಡ.

ಅಜ್ಜಿ


ಫೆಬ್ರವರಿ 16

ಅಜ್ಜಿ,

ಪೆನ್ನಿನ ತಪ್ಪಲ್ಲ. ಟಪಾಲು ತರುವ ಅಕ್ಕ ಫೋನು ಮಾಡಿ ಎಲ್ಲ ಹೇಳಿದಳು. ಮುಳ್ಳಿನ ಹೊರೆ ಸಮೇತ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದೀಯ. ಹೊರೆ ಅರ್ಧ ದಾರಿಯಲ್ಲೇ ಬಿದ್ದಿದೆಯಂತೆ, ಸಂದಿ ಇನ್ನೂ ತೆರೆದೇ ಇದೆಯಂತೆ. ನೀನು ಎಡಗೈಯಲ್ಲಿ ಬರೆದು ಪೆನ್ನನ್ನು ಬೈದಿದ್ದೀಯ.

ನಾನು ಹೇಳುತ್ತಿರುವುದೂ ಅದನ್ನೇ. ಸೂಲಗಿತ್ತಿ ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಚಿಕ್ಕಜ್ಜಿಗೆ ಕಣ್ಣು ಮಂಜು. ನಿನ್ನ ನಂತರ ಆ ದಾರಿಗೆ ಯಾರು ಮುಳ್ಳು ಹಾಕುತ್ತಾರೆ? ಹೇಗೂ ಒಂದು ದಿನ ಅದು ತೆರೆದುಕೊಳ್ಳುತ್ತದೆ. ಆಗ ನಿನ್ನದು ಎಂದು ಹೇಳಲು ಒಂದು ಕಲ್ಲಾದರೂ ಇರಲಿ ಎಂದು ನಾನು ಜಗಳವಾಡಿದೆ. ಕೂಲಿ ಎಂಬ ಆ ಅಕ್ಷರವನ್ನು ದಿನಾ ಬೆಳಿಗ್ಗೆ ಕಿಟಕಿ ತೆರೆಯುವಾಗ ನೋಡುವವಳು ನಾನು, ನೀನಲ್ಲ.

ಇನ್ನೊಂದು ಮಾತು, ನೇರವಾಗಿ ಬರೆಯುತ್ತೇನೆ. ಜಾಗ ಅಪ್ಪನ ಹೆಸರಿನಲ್ಲಿದೆ, ಮೊದಲು ನಿನ್ನ ಸಹಿ ಕೇಳಿದ್ದು ನೀನೇ ಹೂಂ ಅನ್ನಲಿ ಎಂಬ ಆಸೆಗೆ. ನಾನು ಅಪ್ಪನ ಹತ್ತಿರ ಹೋದೆ. ಅಪ್ಪ ಸಹಿ ಹಾಕಿದರು.

ಕಲ್ಲು ಈ ತಿಂಗಳ ಕೊನೆಗೆ ಬರುತ್ತದೆ. ಮಾರ್ಚ್ ಐದಕ್ಕೆ ಸಮಾರಂಭ, ಮರುದಿನದಿಂದ ಮೆಟ್ಟಿಲ ಕೆಲಸ. ಕಲ್ಲನ್ನು ಎಲ್ಲಿ ನಿಲ್ಲಿಸಬೇಕೆಂದು ನೀನೇ ತೋರಿಸು. ಅಜ್ಜಿ ಹೇಳಿದ ಜಾಗದಲ್ಲೇ ನಿಲ್ಲಿಸಬೇಕು ಎಂದು ಕಾರ್ಯದರ್ಶಿಯವರಿಂದ ಮೇಸ್ತ್ರಿಗೆ ಹೇಳಿಸಿದ್ದೇನೆ. ಅಷ್ಟಾದರೂ ನಿನ್ನ ಇಷ್ಟದಂತೆ ಆಗಲಿ.

ಕೋಪ ಮಾಡಿಕೋ. ಆದರೆ ಕಲ್ಲು ನೋಡಿದ ಮೇಲೆ ಮಾಡಿಕೋ.

ಗುಬ್ಬಿ


ಫೆಬ್ರವರಿ 27

ಗುಬ್ಬಿಗೆ,

ಕಲ್ಲು ಬಂತು. ಒಳ್ಳೆಯ ಕಲ್ಲು, ಬಿರುಕಿಲ್ಲ. ಅಕ್ಷರ ದಪ್ಪಗಿವೆ, ಚಿಕ್ಕಜ್ಜಿ ಬೆರಳಿನಿಂದ ತಡವಿ ಓದಿದಳು.

ಜಾಗ ತೋರಿಸಿದ್ದೇನೆ. ಚೆನ್ನಾಗಿ ಆಳಕ್ಕೆ ಹೂತು ನಿಲ್ಲಿಸು, ಊರೆಲ್ಲ ಸೇರಿ ನೂಕಿದರೂ ಅಲುಗಬಾರದು ಎಂದು ಮೇಸ್ತ್ರಿಗೆ ಹೇಳಿದೆ. ಅವನೂ ನಗುತ್ತಾ ಒಪ್ಪಿದ.

ನೀನು ಬಾ. ಮುಂದಿನ ಸಾಲಿನಲ್ಲಿ ಕೂತುಕೋ.

ಅಜ್ಜಿ


ಮಾರ್ಚ್ 3

ಅಜ್ಜಿ,

ನಿನ್ನ ಕಾಗದ ಓದಿ ಎದೆಯ ಮೇಲಿದ್ದ ಭಾರ ಇಳಿಯಿತು. ನೀನು ಇಷ್ಟು ಬೇಗ ಒಪ್ಪುತ್ತೀಯ ಎಂದು ನಾನು ಅಂದುಕೊಂಡಿರಲಿಲ್ಲ. ಆಳಕ್ಕೆ ಹೂಳು ಎಂದದ್ದು ಓದಿ ನಕ್ಕೆ. ನಿನಗೂ ಆ ಕಲ್ಲು ಬೇಕಿತ್ತು, ಬಾಯಿಬಿಟ್ಟು ಹೇಳಲಿಲ್ಲ, ಅಲ್ಲವಾ?

ನಾನು ಬರಲಾಗುವುದಿಲ್ಲ. ಅವತ್ತು ಕಿಟಕಿ ಮುಚ್ಚುವಂತಿಲ್ಲವಂತೆ, ಬುಕಿಂಗ್ ಜಾಸ್ತಿ ಇದೆ. ವೇದಿಕೆಯ ಹತ್ತಿರ ಕುರ್ಚಿಯೂ ಕಡಿಮೆ, ಸಮಿತಿಯವರಿಗೇ ಸಾಲುವುದಿಲ್ಲ ಎಂದು ಕಾರ್ಯದರ್ಶಿಯವರು ಹೇಳಿದರು. ಪರವಾಗಿಲ್ಲ. ನೀನು ಹೋದರೆ ನಾನು ಹೋದ ಹಾಗೆ.

ಕೈಗೆ ಕಟ್ಟಿದ ಪಟ್ಟಿ ಕಾಣದ ಹಾಗೆ ಶಾಲು ಹೊದ್ದುಕೋ, ಫೋಟೋ ತೆಗೆಯುತ್ತಾರೆ.

ಗುಬ್ಬಿ


ಮಾರ್ಚ್ 7

ಗುಬ್ಬಿಗೆ,

ಕೈಯ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಸೆರಗಿನ ಹೊರಗೇ ಇಟ್ಟುಕೊಂಡಿದ್ದೆ. ಮುಚ್ಚಿಕೊಳ್ಳುವುದಕ್ಕೆ ನಾನೇನು ಕದ್ದು ಮುರಿದುಕೊಂಡೆನಾ?

ಈಗ ಕೇಳು. ಕಲ್ಲು ಎಲ್ಲಿ ನಿಂತಿದೆ ಎಂದು ನೀನು ಕೇಳಲೇ ಇಲ್ಲ. ಸಂದಿಯಲ್ಲಿ ನಿಂತಿದೆ. ಆ ಎರಡು ಗುಂಡುಗಳ ನಡುವೆ, ದಾರಿಗೆ ಅಡ್ಡವಾಗಿ, ಬಾಗಿಲು ಹಾಕಿದ ಹಾಗೆ. ಲಾರಿ ಹಿತ್ತಲವರೆಗೆ ಬಂತು. ಅಲ್ಲಿಂದ ಮರದ ದಿಮ್ಮಿಗಳ ಮೇಲೆ ಉರುಳಿಸಿದ್ದು ಊರಿನ ಹೆಂಗಸರು. ಟಪಾಲಿನವಳು ಹಗ್ಗ ಹಿಡಿದಳು, ಚಿಕ್ಕಜ್ಜಿ ಕಣ್ಣು ಕಾಣದಿದ್ದರೂ "ಎಡಕ್ಕೆ, ಬಲಕ್ಕೆ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದಳು. ಮೇಸ್ತ್ರಿ ತಲೆ ಕೆರೆದುಕೊಂಡ.

"ಅಜ್ಜಿ, ಇದು ದಾರಿ ಮಧ್ಯ."

"ನಿಂಗೇನು ಹೇಳಿ ಕಳ್ಸಿದಾರೆ?"

"ಅಜ್ಜಿ ಹೇಳಿದ ಜಾಗದಲ್ಲಿ ನಿಲ್ಸು ಅಂತ."

"ಮತ್ತೆ? ಅಜ್ಜಿ ಹೇಳ್ತಿದಾಳೆ."

ಕಲ್ಲಿನ ಅಕ್ಕಪಕ್ಕದ ಜಾಗಕ್ಕೆ ಅರ್ಧ ದಾರಿಯಲ್ಲಿ ಬಿದ್ದಿದ್ದ ನನ್ನ ಹೊರೆ ತಂದು ತುಂಬಿದರು. ನಾನು ಕೂತು ತೋರಿಸಿದೆ, ಅವರು ಹಾಕಿದರು.

ಸಮಾರಂಭದ ದಿನ ಕಲ್ಲಿಗೆ ಹಳದಿ ಬಟ್ಟೆ ಹೊದಿಸಿತ್ತು. ಸುತ್ತ ಪರದೆ, ಎದುರಿಗೆ ಕುರ್ಚಿ, ಮೈಕು. ಬಂದವರಿಗೆ ಹಿಂದೆ ಏನಿದೆ ಎಂದು ಕಾಣುತ್ತಿರಲಿಲ್ಲ. ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿ ಬಂದಿದ್ದರು, ಹೆಂಗಸು, ಕೊರಳಲ್ಲಿ ದುರ್ಬೀನು. ಕಾರ್ಯದರ್ಶಿ ಡಾಕ್ಟರ ಬಗ್ಗೆ ಬಹಳ ಹೊತ್ತು ಮಾತಾಡಿ, ಕೊನೆಗೆ ಕೈಗಡಿಯಾರ ನೋಡಿಕೊಂಡು "ಈ ಅಜ್ಜಿಯೂ ಸಹಾಯ ಮಾಡಿದ್ದಾರೆ" ಎಂದರು. ಅಧಿಕಾರಿ ಬಟ್ಟೆ ಎಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಪರದೆ ಸರಿಸಿದರು, ಚಪ್ಪಾಳೆ ನಿಂತಿತು.

"ಅಜ್ಜಿ, ದಾರಿ ಎಲ್ಲಿ?" ಎಂದರು ಕಾರ್ಯದರ್ಶಿ.

"ಕಲ್ಲಿನ ಹಿಂದೆ."

"ಹೋಗೋದು ಹೇಗೆ?"

"ಈಗ ಹೋಗೋದಿಲ್ಲ. ಮೇಲೆ ಗೂಡಲ್ಲಿ ಮೊಟ್ಟೆ ಇದೆ."

"ಅಜ್ಜಿ, ಇದು ಉದ್ಘಾಟನೆ!"

"ಆಯ್ತಲ್ಲ. ದಾರಿ ಮುಚ್ಚಿದ್ದು ಉದ್ಘಾಟನೆ ಆಯ್ತು. ಚಪ್ಪಾಳೆನೂ ಬಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಾರ್ಯದರ್ಶಿ ಕೆಂಪಗಾಗಿ ಮೇಸ್ತ್ರಿಯ ಕಡೆ ತಿರುಗಿ "ಕಿತ್ತಾಕಯ್ಯ ಅದನ್ನ" ಎಂದರು. ಮೇಸ್ತ್ರಿ, "ಫೋಟೋ ತೆಗೀತಿದಾರೆ ಸಾರ್, ಹೆಸರಿರೋ ಕಲ್ಲಿಗೆ ಈಗ ಹಾರೆ ಹಾಕ್ಲಾ?" ಎಂದ. ಅಧಿಕಾರಿ ದುರ್ಬೀನು ಎತ್ತಿ ಬಂಡೆಯ ಬಿರುಕು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಇಳಿಸಿ, ಕಾರ್ಯದರ್ಶಿಗೆ ಹೇಳಿದರು: "ಕಾಪಾಡಿದವಳು ಅಂತ ನೀವೇ ಕೆತ್ತಿಸಿದ್ದೀರಿ. ಕಾಪಾಡ್ತಿದಾರೆ. ಮರಿ ಹಾರೋವರೆಗೆ ಕೆಲಸ ಬೇಡ, ಆಮೇಲೆ ನೋಡೋಣ."

ಆ ಸಾಲು ನಿನ್ನದು ಗುಬ್ಬಿ. ಸಿಟ್ಟಿನಲ್ಲಿ ನಾನು ಅದನ್ನು ಸರಿಯಾಗಿ ಓದಿರಲಿಲ್ಲ. ಅವತ್ತು ಅವರ ಬಾಯಿ ಮುಚ್ಚಿಸಿದ್ದು ನನ್ನ ಮುಳ್ಳಲ್ಲ, ನಿನ್ನ ಸಾಲು.

ಆಮೇಲೆ ನೋಡೋಣ ಎಂಬ ಮಾತನ್ನು ನಾನು ನಂಬುವುದಿಲ್ಲ. ಸಿಮೆಂಟು ಮೂಟೆಗಳು ಹಿತ್ತಲಲ್ಲೇ ಟಾರ್ಪಾಲಿನ ಕೆಳಗೆ ಕೂತಿವೆ.

ಎಲ್ಲರೂ ಹೋದ ಮೇಲೆ ನಿಮ್ಮಪ್ಪ ಬಂದು ಕೂಗಾಡಿದ. "ಮರ್ಯಾದೆ ತೆಗೆದೆ ಅಮ್ಮ. ಜಾಗ ನನ್ನ ಹೆಸರಲ್ಲಿದೆ, ನೆನಪಿರಲಿ."

"ಜಾಗ ನಿನ್ನ ಹೆಸರಲ್ಲಿದೆ ಕಣಪ್ಪ. ಕಲ್ಲು ನನ್ನ ಹೆಸರಲ್ಲಿದೆ. ಅಲ್ಲಾಡಿಸು ನೋಡೋಣ."

ಅವನು ಚಹಾ ಕುಡಿದು, ಲೋಟ ಕುಕ್ಕಿ ಎದ್ದ. ಹೋಗುವಾಗ ಜಾರಿದ್ದ ಒಂದು ಕೊಂಬೆಯನ್ನು ಶೂ ತುದಿಯಿಂದ ಒಳಕ್ಕೆ ತಳ್ಳಿ ಹೋದ. ನಾನು ನೋಡಲಿಲ್ಲ ಎಂದುಕೊಂಡಿದ್ದಾನೆ.

ಒಂದು ಮಾತು ಮಾತ್ರ ಹೇಳದೆ ಬಿಡಲಾರೆ. ಮುಂದಿನ ಸಾಲಿನಲ್ಲಿ ಎಷ್ಟೋ ಕುರ್ಚಿಗಳು ಖಾಲಿ ಇದ್ದವು. ಡಾಕ್ಟರ ಕುರ್ಚಿ ಹೊತ್ತವಳ ಮೊಮ್ಮಗಳಿಗೆ ಕುರ್ಚಿ ಕಡಿಮೆ ಬಿತ್ತಂತೆ. ಪರವಾಗಿಲ್ಲ ಎಂದು ಬರೆದಿದ್ದೀಯ. ನಿನಗೆ ಪರವಾಗಿಲ್ಲದಿರಬಹುದು. ನನಗೆ ಪರವಾಗಿದೆ.

ಅಜ್ಜಿ


ಮಾರ್ಚ್ 16

ಅಜ್ಜಿ,

ಖಾಲಿ ಕುರ್ಚಿಯ ಮಾತು ಓದಿ, ಕಾಗದ ಮಡಿಸಿ, ಬುಕಿಂಗ್ ಕಿಟಕಿಗೆ ಒಂದು ಬೋರ್ಡು ಬರೆದು ತೂಗುಹಾಕಿದೆ: "ಬಂಡೆ ದಾರಿ ಮುಚ್ಚಿದೆ. ಗಿಡುಗ ಮೊಟ್ಟೆ ಇಟ್ಟಿದೆ. ಹಿಂದಿನ ದಾರಿಯಲ್ಲಿ ಹೋಗಿ. ಸ್ವಲ್ಪ ಸುತ್ತು."

ಕಾರ್ಯದರ್ಶಿಯವರು ಬಂದು ನೋಡಿದರು. "ಯಾರನ್ನ ಕೇಳಿ ಬರೆದೆ?"

"ಮುಳ್ಳಜ್ಜಿಯನ್ನ."

"ಅವರೇನು ಸಂಘದ ಸದಸ್ಯರಾ?"

"ಅವರ ಸಂಘ ನಮ್ಮದಕ್ಕಿಂತ ಹಳೇದು ಸಾರ್."

ಬೋರ್ಡು ಕಿತ್ತರು. ಮತ್ತೆ ಬರೆದೆ. ಮತ್ತೆ ಕಿತ್ತರು. ಈಗ ಕಿಟಕಿಯ ಗಾಜಿನ ಮೇಲೇ ಬಣ್ಣದಲ್ಲಿ ಬರೆದಿದ್ದೇನೆ, ಕೀಳಬೇಕಾದರೆ ಗಾಜು ಒಡೆಯಬೇಕು. ವಿಚಿತ್ರವೆಂದರೆ ಬರುವವರು ಯಾರೂ ಜಗಳ ಮಾಡುತ್ತಿಲ್ಲ. ಒಬ್ಬ ಹೆಂಗಸು ಮಗುವನ್ನು ಎತ್ತಿ ಓದಿಸಿ, "ಮರಿ ಯಾವಾಗ ಬರುತ್ತೆ?" ಎಂದು ಕೇಳಿದಳು. ಒಬ್ಬಾತ ಮಾತ್ರ ಕೊಟ್ಟ ದುಡ್ಡು ವಾಪಸ್ ಕೇಳಿದ, ಕೊಟ್ಟು ಕಳಿಸಿದೆ.

ಫೋಟೋದ ಕೆಳಗಿನ ಸಾಲನ್ನೂ ಬದಲಾಯಿಸಿದೆ. ಈಗ ಹೀಗಿದೆ: "ನಿಂತವರು: ಓರಗಿತ್ತಿ, ಸೂಲಗಿತ್ತಿ, ಮುಳ್ಳಜ್ಜಿ. ಕೂತವರು: ಅವರ ಜೊತೆ ಬಂದ ಡಾಕ್ಟರು."

ಮುಂದಿನ ತಿಂಗಳು ನನ್ನನ್ನು ಇಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಶನಿವಾರ ಬರುತ್ತಿದ್ದೇನೆ. ಅಪ್ಪನ ಸಹಿಗೆ ಹೋದದ್ದರ ಬಗ್ಗೆ ಕಾಗದದಲ್ಲಿ ಏನೂ ಬರೆಯುವುದಿಲ್ಲ, ಎದುರಿಗೆ ಕೂತು ಬೈಸಿಕೊಳ್ಳುತ್ತೇನೆ. ನಿನ್ನ ನಂತರ ಯಾರು ಎಂದು ಕೇಳಿದ್ದೆನಲ್ಲ, ಅದನ್ನು ಕೇಳಿದವಳು ನಾನೇ ಎಂಬುದು ನೆನೆದರೆ ನಾಚಿಕೆಯಾಗುತ್ತದೆ. ನನಗೆ ಕತ್ತಿ ಹಿಡಿಯಲೂ ಬರುವುದಿಲ್ಲ.

ಗುಬ್ಬಿ


ಮಾರ್ಚ್ 20

ಗುಬ್ಬಿಗೆ,

ಕೈ ಬಹಳ ನೋಯುತ್ತದೆ. ನೀನು ಹೇಗೂ ಬಸ್ಸು ಹತ್ತುತ್ತೀಯ ಎಂದ ಮೇಲೆ ಬರೆಯಲು ಅಡ್ಡಿಯಿಲ್ಲ.

ತುಂಬುತೋಳಿನ ಅಂಗಿ ಹಾಕಿಕೊಂಡು ಬಾ, ದಪ್ಪ ಬಟ್ಟೆಯದು. ಚಂದದ್ದು ಬೇಡ, ಹರಿಯುತ್ತದೆ. ಕತ್ತಿ ಮಸೆದಿಟ್ಟಿದ್ದೇನೆ. ಬೈಗುಳವನ್ನೂ ಮಸೆದಿಟ್ಟಿದ್ದೇನೆ, ಮೊದಲು ಊಟ ಮಾಡು, ಆಮೇಲೆ ಕೊಡುತ್ತೇನೆ.

ನೆನ್ನೆ ಬಂಡೆಯ ಕಡೆಯಿಂದ ಸಣ್ಣ ದನಿ ಕೇಳಿತು. ಚಿಕ್ಕಜ್ಜಿಗೆ ನನಗಿಂತ ಮೊದಲು ಕೇಳಿತ್ತು, ಹೇಳದೆ ಒಬ್ಬಳೇ ಕೂತು ಕೇಳುತ್ತಿದ್ದಳು ಕಳ್ಳಿ. ಆ ಮರಿ ಹಾರಿದ ಮೇಲೆ ಸಿಮೆಂಟಿನವರು ಬಂದೇ ಬರುತ್ತಾರೆ. ಬರಲಿ. ಇಲ್ಲಿ ಒಬ್ಬಳೇ ಮುದುಕಿ ಇದ್ದಾಳೆ ಎಂದುಕೊಂಡು ಬರಲಿ.

ಕಲ್ಲಿನ ಎಡಗಡೆ ಒಂದು ಕಿಂಡಿ ಹಾಗೇ ಬಿಟ್ಟಿದ್ದೇನೆ. ಆಳು ನುಸುಳುವಷ್ಟಿದೆ. ಅವತ್ತು ಹೆಂಗಸರು ಅದಕ್ಕೂ ಹಾಕುತ್ತೇವೆ ಎಂದರು, ಕೊಂಬೆ ಸಾಲದು, ಬಿಡಿ ಎಂದೆ. ಸಾಲುತ್ತಿತ್ತು. ಉಳಿದ ಕೊಂಬೆ ನಿನ್ನ ಪಾಲಿನದು, ಈಗಲೂ ಹಿತ್ತಲ ಮೂಲೆಯಲ್ಲಿ ಎತ್ತಿಟ್ಟಿದ್ದೇನೆ. ನೀನು ಬರುವವರೆಗೆ ಆ ಕಿಂಡಿಗೆ ನಾನೇ ಮಣೆ ಹಾಕಿಕೊಂಡು ಕೂತಿರುತ್ತೇನೆ.

ಬುಡ ಒಳಕ್ಕೆ, ಮೊನೆ ಬರುವವರ ಕಡೆಗೆ. ಮರೆಯಬೇಡ.

ಮುಳ್ಳಜ್ಜಿ